ಫೋಟೋದ ಅಂಚಿಗೆ ಹೋಗಬೇಡ ಎಂದರು

ಹೋದ ತಿಂಗಳು ವಿದ್ಯಾನಗರದ ಒಂದು ವಿಡಿಯೋ ತರಬೇತಿ ಕೇಂದ್ರದವರು ನನ್ನನ್ನು ಮಾತಾಡಲು ಕರೆದಿದ್ದರು. ಒಳಗೆ ಹೋಗುವ ಮುಂಚೆ ಅಲ್ಲಿನ ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿ, "ಮೇಡಂ, ಈ ಫೀಲ್ಡಲ್ಲಿ ಒಳ್ಳೇ ಸ್ಕೋಪ್ ಇದೆ ಅಂತ ಹೇಳ್ಬಿಡಿ. ಹತ್ತು ನಿಮಿಷ ಸಾಕು" ಎಂದರು. ಒಳಗೆ ಹೋಗಿ ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿದಳು. "ಮೇಡಂ, ಹಳೇ ಫೋಟೋಗಳಿಗೆ ಪ್ಯಾನ್ ಅಂಡ್ ಜೂಮ್ ಹಾಕೋಕೆ ಯಾವ ಪ್ರೀಸೆಟ್ ಬೆಸ್ಟ್?"

ಪ್ರೀಸೆಟ್ ಎಂದರೆ ಸಾಫ್ಟ್‌ವೇರಿನಲ್ಲಿ ಮೊದಲೇ ತಯಾರಾಗಿ ಕೂತಿರುವ ಚಲನೆ. ಒತ್ತಿದರೆ ಸಾಕು, ಫೋಟೋ ತಾನಾಗಿಯೇ ಓಡಾಡುತ್ತದೆ. "ಯಾವುದೂ ಅಲ್ಲ" ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಎಲ್ಲರೂ ನಕ್ಕರು. ಹತ್ತು ನಿಮಿಷ ಮುಗಿಯಿತು. ಶಾಲು ಹೊದೆಸಿ, ಬಿಸ್ಕತ್ತು ಚಹಾ ಕೊಟ್ಟು ಕಳಿಸಿದರು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರಿಗಾದರೂ ಕೋಪ ಬಂದರೆ ಬರಲಿ. ಇಪ್ಪತ್ತೊಂಬತ್ತು ವರ್ಷ ಶಿವಮೊಗ್ಗದ ಗಾಂಧಿ ಬಜಾರಿನ ಒಂದೇ ಸ್ಟುಡಿಯೋದಲ್ಲಿ, ಒಂದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವಳು ನಾನು. ನನಗೆ ಯಾವ ಬಡ್ತಿಯೂ ಸಿಗಲಿಲ್ಲ, ಹಾಗಾಗಿ ಕಳೆದುಕೊಳ್ಳುವುದಕ್ಕೂ ಏನಿಲ್ಲ.

ಪ್ಯಾನ್ ಎಂದರೆ ನಿಂತ ಫೋಟೋದ ಮೇಲೆ ನೋಡುವವರ ಕಣ್ಣು ಎಡದಿಂದ ಬಲಕ್ಕೋ, ಮೇಲಿನಿಂದ ಕೆಳಕ್ಕೋ ಹರಿಯುವಂತೆ ಮಾಡುವುದು. ಜೂಮ್ ಎಂದರೆ ಹತ್ತಿರ ಹೋಗುವುದು, ಇಲ್ಲವೇ ಹಿಂದೆ ಸರಿಯುವುದು. ಅಷ್ಟೇ ಕೆಲಸ. ಮದುವೆ, ಷಷ್ಟ್ಯಬ್ದಿ, ವರ್ಷಾಬ್ದಿಕ, ಬೀಳ್ಕೊಡುಗೆ, ಎಲ್ಲದಕ್ಕೂ ಜನ ಹಳೆಯ ಫೋಟೋಗಳ ಲಕೋಟೆ ತಂದು ಕೊಡುತ್ತಿದ್ದರು. ಅವುಗಳಿಗೆ ಜೀವ ಬರುವ ಹಾಗೆ ಮಾಡಿ ಎನ್ನುತ್ತಿದ್ದರು. ಇದನ್ನು ಬಟನ್ ಒತ್ತುವ ಕೆಲಸ ಎಂದು ನನ್ನೆದುರಿಗೇ ಹೇಳಿದವರು ಬಹಳ ಮಂದಿ. ಅವರ್ಯಾರೂ ಒಂದು ಸಲವೂ ಆ ಕುರ್ಚಿಯಲ್ಲಿ ಕೂತು ನೋಡಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಪಿಯುಸಿ ಮುಗಿಸಿ, ಫೋಟೋಗಳಿಗೆ ಟಚಪ್ ಮಾಡುವ ಕೆಲಸಕ್ಕೆಂದು ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದೆ. ಸ್ಟುಡಿಯೋ ಶ್ರೀಪಾದರಾಯರದ್ದು. ಹಣೆಯಲ್ಲಿ ಅಂಗಾರ ಅಕ್ಷತೆ, ಅರ್ಧ ತೋಳಿನ ಬಿಳಿ ಶರ್ಟು, ಕಿಸೆಯಲ್ಲಿ ಭೂತಗನ್ನಡಿ. ನನ್ನ ಕೈ ಅಲುಗದೆ ನಿಲ್ಲುತ್ತದೆ ಎಂದು ನೋಡಿ ವಿಡಿಯೋ ವಿಭಾಗಕ್ಕೆ ಹಾಕಿಕೊಂಡರು. ಆಗ ಕಂಪ್ಯೂಟರ್ ಇರಲಿಲ್ಲ. ಕಪ್ಪು ಬಟ್ಟೆ ಹೊದೆಸಿದ ಒಂದು ಹಲಗೆ ಇತ್ತು. ಅದರ ಮೇಲೆ ಫೋಟೋ ಅಂಟಿಸಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿ, ರಾಯರು ಲೆನ್ಸ್ ತಿರುಗಿಸುತ್ತಿದ್ದರು. ನಾನು ಹಲಗೆಗೆ ಕಟ್ಟಿದ ದಾರವನ್ನು ಉಸಿರು ಬಿಗಿಹಿಡಿದು ಎಳೆಯುತ್ತಿದ್ದೆ. ಅದೇ ನಮ್ಮ ಪ್ಯಾನ್. ಅರ್ಧಕ್ಕೆ ಬಂದಾಗ ಹೊರಗೆ ಲಾರಿ ಹೋದರೆ ಹಲಗೆ ನಡುಗುತ್ತಿತ್ತು, ಮತ್ತೆ ಮೊದಲಿಂದ ಶುರು.

ರಾಯರದ್ದೊಂದು ನಿಯಮವಿತ್ತು. ಲಕೋಟೆಯಿಂದ ತೆಗೆದ ಫೋಟೋವನ್ನು ಐದು ನಿಮಿಷ ಸುಮ್ಮನೆ ನೋಡಬೇಕು. "ಯಾರು ಯಾರ ಕಡೆ ನೋಡ್ತಿದ್ದಾರೆ ನೋಡು. ಯಾರ ಕೈ ಯಾರ ಭುಜದ ಮೇಲಿದೆ ನೋಡು. ಆಮೇಲೆ ದಾರ ಹಿಡಿ" ಎನ್ನುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ನಾನು ಆ ಐದು ನಿಮಿಷ ಬಿಡಲಿಲ್ಲ. ದಾರದ ಬದಲು ಕೀಫ್ರೇಮ್ ಬಂತು. ಅಂದರೆ ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ಎರಡು ಗುರುತು ಹಾಕಿದರೆ ನಡುವಿನ ದಾರಿಯನ್ನು ಯಂತ್ರ ತುಂಬಿಕೊಡುತ್ತದೆ. ಆ ಎರಡು ಗುರುತು ಮಾತ್ರ ನಮ್ಮ ಕೈಯಲ್ಲಿರುತ್ತದೆ.

ಅದನ್ನು ಅರ್ಥ ಮಾಡಿಕೊಳ್ಳುವ ಮೊದಲು ನಾನು ಮಾಡಿದ ತಪ್ಪುಗಳು ಸಣ್ಣವಲ್ಲ.

ನವುಲೆಯಿಂದ ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು ಬಂದಿದ್ದರು. ತಾಯಿಯ ವರ್ಷಾಬ್ದಿಕಕ್ಕೆ ಒಂದು ವಿಡಿಯೋ ಬೇಕಿತ್ತು. ತಾಯಿಯದ್ದು ಅಂತ ಇದ್ದದ್ದು ಒಂದೇ ಫೋಟೋ. ಯಾರದೋ ಉಪನಯನದ ಗುಂಪು, ಅದರ ಹಿಂದಿನ ಸಾಲಿನಲ್ಲಿ ಹುಣಸೆಬೀಜದಷ್ಟು ಒಂದು ಮುಖ. ನನಗಾಗ ಹೊಸ ಕಂಪ್ಯೂಟರಿನ ಉತ್ಸಾಹ. ಗುಂಪಿನಿಂದ ಹೊರಟು ಆ ಮುಖದ ತನಕ ಜೂಮ್ ಮಾಡಿದೆ, ಪರದೆ ತುಂಬುವಷ್ಟು. ನನ್ನ ಸಣ್ಣ ಮಾನಿಟರಿನಲ್ಲಿ ಅಡ್ಡಿಯಿಲ್ಲ ಅನ್ನಿಸಿತು. ಅವರ ಮನೆಯ ದೊಡ್ಡ ಟಿವಿಯಲ್ಲಿ ಹಾಕಿದರೆ ಹತ್ತಿರ ಹೋದಂತೆಲ್ಲ ಮುಖ ಒಡೆದು ಬೂದು ಬಣ್ಣದ ಚೌಕಗಳಾಯಿತು. ಅವರು ಬೈಯಲಿಲ್ಲ. ಮಾರನೇ ದಿನ ಸ್ಟುಡಿಯೋಗೆ ಬಂದು ನನ್ನ ಪಕ್ಕ ಕೂತು, "ದೂರದಿಂದ ಅಮ್ಮ ಇದ್ರು ಕಣಮ್ಮ. ಹತ್ರ ಹೋದ್ರೆ ಇಲ್ಲ" ಎಂದರು.

ಫೋಟೋವನ್ನು ಮತ್ತೆ ಸ್ಕ್ಯಾನ್ ಮಾಡಿದೆ, ಈ ಸಲ ಯಂತ್ರ ಕೊಡುವಷ್ಟೂ ಸೂಕ್ಷ್ಮವಾಗಿ. ಆದರೂ ಅರ್ಧ ದಾರಿಯಲ್ಲೇ ನಿಲ್ಲಬೇಕಾಯಿತು. ಅಲ್ಲಿ ಆಕೆಯ ಮೂಗುಬೊಟ್ಟು ಕಾಣುತ್ತಿತ್ತು, ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿರುವುದೂ ಕಾಣುತ್ತಿತ್ತು. ಪೋಸ್ಟ್‌ಮಾಸ್ಟರು ನೋಡಿ, "ಇಷ್ಟು ಸಾಕು. ಅವರು ಯಾವಾಗಲೂ ಹಾಗೇ, ಮಾತು ಮಾತು" ಎಂದು ನಕ್ಕರು. ಎಷ್ಟು ಹತ್ತಿರ ಹೋಗಬಹುದು ಅನ್ನುವುದನ್ನು ಫೋಟೋ ತೀರ್ಮಾನಿಸುತ್ತದೆ, ನಾವಲ್ಲ. ಈಗ ಯಂತ್ರವೇ ಇಲ್ಲದ ಕಣ್ಣು ಮೂಗನ್ನು ಊಹಿಸಿ ತುಂಬುತ್ತದಂತೆ. ತುಂಬಲಿ. ಅದು ಆ ಪೋಸ್ಟ್‌ಮಾಸ್ಟರ ತಾಯಿಯ ಮೂಗಲ್ಲ ಎಂದು ನಾನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ.

ಎರಡನೇ ತಪ್ಪು ಈಗಲೂ ನಗು ತರಿಸುತ್ತದೆ, ಅವತ್ತು ಮಾತ್ರ ಅಳು ಬಂದಿತ್ತು. ಲಗ್ನದ ಸೀಸನ್, ಕೈತುಂಬ ಕೆಲಸ. ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ಒಂದು ಬಟನ್ ಒತ್ತಿದರೆ ನೂರು ಫೋಟೋಗೂ ತಾನೇ ಪ್ಯಾನ್ ಜೂಮ್ ಹಾಕುವ ಸೌಲಭ್ಯ ಬಂದಿತ್ತು. ಒತ್ತಿದೆ. ಪೂರ್ತಿ ನೋಡದೆ ಡಿವಿಡಿ ಮಾಡಿ ಕೊಟ್ಟೆ. ಆರತಕ್ಷತೆಯಲ್ಲಿ ದೊಡ್ಡ ಪರದೆಯ ಮೇಲೆ ಹಾಕಿದರು. ಮದುಮಗಳ ಅಜ್ಜ ಅಜ್ಜಿ ಅಂಗಳದಲ್ಲಿ ನಿಂತ ಫೋಟೋ ಬಂತು. ಅಜ್ಜ ಒಂದು ತುದಿಗೆ, ಅಜ್ಜಿ ಇನ್ನೊಂದು ತುದಿಗೆ. ನಡುವೆ, ಹಿಂದಿನ ಹಗ್ಗದಲ್ಲಿ, ಒಣಗಲು ಹಾಕಿದ ಪಟ್ಟೆಪಟ್ಟೆ ಚಡ್ಡಿ. ಯಂತ್ರಕ್ಕೆ ಗೊತ್ತಿದ್ದದ್ದು ಫೋಟೋದ ನಡು ಮಾತ್ರ. ನಾದಸ್ವರದ ಹಿನ್ನೆಲೆಯಲ್ಲಿ, ಬಹಳ ಭಕ್ತಿಯಿಂದ, ನಿಧಾನವಾಗಿ ಅದು ಚಡ್ಡಿಯ ಹತ್ತಿರ ಹೋಯಿತು. ಇಡೀ ಛತ್ರ ಬಿದ್ದು ಬಿದ್ದು ನಕ್ಕಿತು.

ಮದುಮಗಳ ತಂದೆ ಮರುದಿನ ಬೆಳಿಗ್ಗೆ ಅಂಗಡಿಗೆ ಬಂದು ಕೂಗಾಡಿದರು. ರಾಯರು ಎದ್ದು ನಿಂತು ಕೈ ಮುಗಿದರು. "ಅಂಗಡಿ ನನ್ನದು, ತಪ್ಪೂ ನನ್ನದು. ಇವತ್ತು ಸಂಜೆಯೊಳಗೆ ಸರಿ ಮಾಡಿ ನಿಮ್ಮ ಮನೆಗೆ ನಾನೇ ತಂದುಕೊಡ್ತೀನಿ." ನನ್ನ ಕಡೆ ಬೆರಳು ತೋರಿಸಲಿಲ್ಲ. ಅವರು ಹೋದ ಮೇಲೆ ರಾಯರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. "ಸುಮಿತ್ರಾ, ಅಜ್ಜ ಯಾರು, ಚಡ್ಡಿ ಯಾವುದು ಅಂತ ಆ ಬಟನ್ನಿಗೆ ಗೊತ್ತಾ?"

"ಇಲ್ಲ ಸಾರ್."

"ನಿನಗೆ ಗೊತ್ತಲ್ಲ. ಮತ್ತೆ ನೀನು ಮಾಡು."

ಆ ಬಟನ್ನನ್ನು ಮತ್ತೆ ಮುಟ್ಟಲಿಲ್ಲ.

ರಾಯರು ಹೇಳಿದ್ದೆಲ್ಲ ಸರಿ ಎಂದು ನಾನು ಒಪ್ಪಿಕೊಂಡವಳಲ್ಲ. ಅವರಿಗೆ ಚಲನೆಯ ಹುಚ್ಚು. ಫೋಟೋ ಒಂದು ಕ್ಷಣ ನಿಂತರೂ ಚಡಪಡಿಸುತ್ತಿದ್ದರು. ಒಮ್ಮೆ ಮಗಳನ್ನು ಜ್ವರದಲ್ಲಿ ಕಳೆದುಕೊಂಡ ಒಬ್ಬ ತಂದೆ ಫೋಟೋಗಳನ್ನು ತಂದಿದ್ದರು. ಅದರಲ್ಲಿ ಒಂದು, ಹುಡುಗಿ ಹೊಸ ಸೈಕಲ್ಲಿನ ಮೇಲೆ ಒಂದು ಕಾಲು ನೆಲಕ್ಕೂರಿ ನಿಂತದ್ದು. ಐದು ನಿಮಿಷ ನೋಡಿದ ಮೇಲೆ ನನಗೆ ಎಲ್ಲಿಂದಲೂ ಹೊರಡಬೇಕು ಅನ್ನಿಸಲಿಲ್ಲ. ಎಂಟು ಸೆಕೆಂಡ್ ಅದನ್ನು ಅಲುಗಾಡಿಸದೆ ಹಾಗೇ ಬಿಟ್ಟೆ.

"ಇದೇನು, ಮಷೀನ್ ಹ್ಯಾಂಗ್ ಆಯ್ತಾ?" ಎಂದರು ರಾಯರು.

"ಇಲ್ಲ ಸಾರ್. ಬೇಕಂತಲೇ ನಿಲ್ಲಿಸಿದ್ದೀನಿ."

"ಜೂಮ್ ಹಾಕು. ನಿಂತ್ರೆ ಜನ ಬೇಜಾರು ಮಾಡ್ಕೋತಾರೆ."

"ಹಾಕಲ್ಲ ಸಾರ್. ಬೇಕಾದ್ರೆ ನೀವೇ ಹಾಕಿ" ಎಂದು ಎದ್ದು ನಿಂತೆ. ಅದು ನಾನು ಅವರಿಗೆ ಕೊಟ್ಟ ಮೊದಲ ಎದುರುತ್ತರ. ಅವರು ನನ್ನ ಮುಖ ನೋಡಿದರು, ಕುರ್ಚಿ ನೋಡಿದರು, ಕೂರಲಿಲ್ಲ. ಆ ತಂದೆ ಬಂದು ನೋಡಿದಾಗ ಬೇರೆ ಯಾವ ಫೋಟೋದ ಬಗ್ಗೆಯೂ ಮಾತಾಡಲಿಲ್ಲ. "ಅಲ್ಲೊಂದು ಕಡೆ ಮಾತ್ರ ನನಗೆ ಅವಳನ್ನ ನೋಡೋಕೆ ಟೈಮ್ ಸಿಕ್ತು" ಎಂದರು. ರಾಯರು ಕನ್ನಡಕ ತೆಗೆದು ಒರೆಸತೊಡಗಿದರು. ನೀನು ಸರಿ ಅಂತ ನನಗೆ ಹೇಳಲಿಲ್ಲ. ಮುಂದೆ ನಾನು ಯಾವ ಫೋಟೋವನ್ನು ನಿಲ್ಲಿಸಿದರೂ ಮಷೀನಿನ ಮಾತೆತ್ತಲಿಲ್ಲ, ಅಷ್ಟೇ.

ಇಷ್ಟೆಲ್ಲ ಕಲಿತ ಮೇಲೂ ನಾನೊಂದು ಕೆಲಸ ಮಾಡಿದೆ. ಅದನ್ನು ತಪ್ಪು ಅನ್ನುವುದಿಲ್ಲ. ತಪ್ಪು ಗೊತ್ತಿಲ್ಲದೆ ಆಗುತ್ತದೆ, ಇದನ್ನು ಗೊತ್ತಿದ್ದೇ ಮಾಡಿದ್ದು.

ಭದ್ರಾವತಿಯಲ್ಲಿ ಒಂದು ಹವ್ಯಾಸಿ ನಾಟಕ ತಂಡವಿತ್ತು. ಕಾರ್ಖಾನೆಯ ಕಾರ್ಮಿಕರು ಪಾಳಿ ಮುಗಿಸಿ ಬಂದು ಬಣ್ಣ ಹಚ್ಚಿಕೊಳ್ಳುತ್ತಿದ್ದ ತಂಡ. ನಾನು ಚಿಕ್ಕವಳಿದ್ದಾಗಲೇ ಅದು ನಿಂತುಹೋಗಿತ್ತು. ಅದನ್ನು ಕಟ್ಟಿದವರ ಮಗ ಮಹೇಶ್ವರಪ್ಪನವರು. ಅವರದ್ದೊಂದು ಕಲ್ಯಾಣ ಮಂಟಪವಿತ್ತು. ಅಲ್ಲಿ ನಡೆಯುವ ಮದುವೆಗಳ ವಿಡಿಯೋ ಕೆಲಸವೆಲ್ಲ ನಮಗೇ ಬರುತ್ತಿತ್ತು. ಆ ಹೊತ್ತಿಗೆ ಮೊಬೈಲು ಬಂದು ಸ್ಟುಡಿಯೋಗಳು ಸೊರಗುತ್ತಿದ್ದವು. ನಾವು ಉಸಿರಾಡುತ್ತಿದ್ದದ್ದೇ ಆ ಮಂಟಪದಿಂದ. ತಂದೆಯ ನೆನಪಿಗೆ ದೊಡ್ಡ ಸಮಾರಂಭ ಇಟ್ಟುಕೊಂಡಿದ್ದೇನೆ, ತಂಡದ ಬಗ್ಗೆ ಇಪ್ಪತ್ತು ನಿಮಿಷದ ಒಂದು ಫಿಲಂ ಆಗಬೇಕು ಎಂದು ಅವರು ಹನ್ನೆರಡು ಫೋಟೋ ತಂದರು.

ಎಲ್ಲವೂ ನಾಟಕ ಮುಗಿದ ಮೇಲೆ ತೆಗೆದ ಗುಂಪು ಚಿತ್ರಗಳು. ನಡುವೆ ಕುರ್ಚಿಯಲ್ಲಿ ರಾಜನ ವೇಷದ ಅವರ ತಂದೆ. ಸುತ್ತ ಮಂತ್ರಿ, ಸೇನಾಪತಿ, ವಿದೂಷಕ. ಬಲಗಡೆಯ ಅಂಚಿನಲ್ಲಿ, ಎಲ್ಲರಿಂದ ಅರ್ಧ ಹೆಜ್ಜೆ ದೂರ, ರಾಣಿಯ ವೇಷದಲ್ಲಿ ಒಬ್ಬ ಹೆಂಗಸು. ಹನ್ನೆರಡರಲ್ಲೂ ಅದೇ ಹೆಂಗಸು, ಅದೇ ಅಂಚು. ಒಂದು ಫೋಟೋ ತಿರುಗಿಸಿ ನೋಡಿದೆ. ಹಿಂದೆ ಶಾಯಿಯಲ್ಲಿ ಎಲ್ಲ ಗಂಡಸರ ಹೆಸರು, ಇನಿಷಿಯಲ್ ಸಮೇತ. ಕೊನೆಯಲ್ಲಿ ಬರೀ 'ಸ್ತ್ರೀ ಪಾತ್ರ' ಎಂದಿತ್ತು.

"ಇವರು ಯಾರು ಸಾರ್?" ಎಂದು ಕೇಳಿದೆ.

"ಅದನ್ನ ಬಿಡಮ್ಮ" ಎಂದರು ಮಹೇಶ್ವರಪ್ಪ. "ಅಪ್ಪಾಜಿ ಮುಖದಿಂದ ಶುರು ಮಾಡು, ಎಡಕ್ಕೆ ಹೋಗು, ವಾಪಸ್ ಅಪ್ಪಾಜಿ ಹತ್ರ ಬಾ. ಆ ಅಂಚಿಗೆ ಹೋಗ್ಬೇಡ."

ಮಾಡಿದೆ. ಹನ್ನೆರಡು ಫೋಟೋಗೂ ಹಾಗೇ ಮಾಡಿದೆ. ಕೀಫ್ರೇಮ್ ಅಂಚಿಗೆ ತಾಕದಂತೆ, ಆಕೆಯ ಸೀರೆಯ ಜರಿಯೂ ಕಾಣದಂತೆ ಎಚ್ಚರವಾಗಿ ಇಟ್ಟೆ. ಕತ್ತರಿ ಹಾಕಬೇಕಿಲ್ಲ, ಮಸಿ ಬಳಿಯಬೇಕಿಲ್ಲ, ಫೋಟೋಗೆ ಏನೂ ಆಗುವುದಿಲ್ಲ. ಸುಮ್ಮನೆ ಅತ್ತ ಹೋಗದಿದ್ದರೆ ಆಯಿತು, ಒಬ್ಬರು ಇರಲೇ ಇಲ್ಲ ಎಂದಾಗುತ್ತದೆ. ನೋಡಿದವರಿಗೆ ಅನುಮಾನವೂ ಬರುವುದಿಲ್ಲ. ಮಹೇಶ್ವರಪ್ಪನವರು ಬಂದು ನೋಡಿ ಬಹಳ ಖುಷಿಪಟ್ಟರು. "ಕೈ ಅಂದ್ರೆ ಇದು ಕಣಮ್ಮ" ಎಂದರು. ನಾನು ಹಲ್ಲು ಬಿಟ್ಟು ನಕ್ಕೆ.

ಆ ಭಾನುವಾರ ಭದ್ರಾವತಿಗೆ ತವರಿಗೆ ಹೋದಾಗ, ಅಮ್ಮನಿಗೆ ಹಳೆಯದನ್ನು ತೋರಿಸೋಣ ಎಂದು ಆ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದೆ. ಅಮ್ಮ ಗಂಡಸರ ಕಡೆ ನೋಡಲೇ ಇಲ್ಲ. ಬೆರಳು ನೇರ ಅಂಚಿಗೆ ಹೋಯಿತು.

"ಅಯ್ಯೋ, ಕಣ್ಣಮ್ಮ ಅಲ್ವೇನೇ ಇವ್ಳು! ಇವಳ ನಾಟಕ ಅಂದ್ರೆ ಹೆಂಗಸ್ರೆಲ್ಲ ಮಧ್ಯಾಹ್ನಾನೇ ಹೋಗಿ ಚಾಪೆ ಹಾಸಿ ಜಾಗ ಹಿಡೀತಿದ್ವಿ. ನಿಮ್ಮಪ್ಪ ಪಾಳಿ ಬದಲಾಯಿಸ್ಕೊಂಡು ಬರ್ತಿದ್ರು."

"ಈಗ ಎಲ್ಲಿದ್ದಾರಮ್ಮ?"

"ಎಲ್ಲಿರ್ತಾಳೆ? ಇಲ್ಲೇ, ಕೆರೆ ಕಡೆ ಹೋಗೋ ದಾರೀಲಿ. ಬಾ, ಹೋಗಿ ಬರೋಣ."

ಹೋಗಬಾರದಿತ್ತು ಅಂತ ಆ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಆದರೂ ಹೋದೆ.

ಶೀಟಿನ ಮಾಡಿನ ಎರಡು ಕೋಣೆಯ ಮನೆ. ಕಣ್ಣಮ್ಮನವರಿಗೆ ಎಂಬತ್ತು ದಾಟಿತ್ತು. ಜಗುಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೆಲಸಕ್ಕೆಂದು ತಮಿಳುನಾಡಿನಿಂದ ಭದ್ರಾವತಿಗೆ ಬಂದ ಕುಟುಂಬದವರು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಕನ್ನಡ ಓದಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಎರಡು ಸಲ ಓದಿ ಹೇಳಿದರೆ ಇಡೀ ಪಾತ್ರ ಬಾಯಿಗೆ ಬರುತ್ತಿತ್ತಂತೆ. ಅಮ್ಮ ಒತ್ತಾಯ ಮಾಡಿದ್ದಕ್ಕೆ ಮೊರ ಪಕ್ಕಕ್ಕಿಟ್ಟು, ಬೆನ್ನು ನೆಟ್ಟಗೆ ಮಾಡಿ ಒಂದು ಮಾತು ಹೇಳಿದರು: "ಮಹಾರಾಜಾ, ಸಿಂಹಾಸನ ನಿಮ್ಮದಿರಬಹುದು. ನ್ಯಾಯ ನಿಮ್ಮೊಬ್ಬರದಲ್ಲ!" ಆ ಧ್ವನಿ ಆ ಸಣ್ಣ ದೇಹದಲ್ಲಿ ಎಲ್ಲಿತ್ತೋ ಏನೋ. ಎದುರು ಮನೆಯವರು ಹೊರಗೆ ಬಂದು ನೋಡಿದರು.

"ಹದ್ನೆಂಟು ವರ್ಷ ರಾಣಿ ಆಗಿದ್ದೆ ಕಣ್ಣು" ಎಂದರು ನನಗೆ, ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ. "ಪರದೆ ಬಿದ್ಮೇಲೆ ಊಟಕ್ಕೆ ಹಿಂದಿನ ಬಾಗ್ಲು. ಫೋಟೋಗೆ ಓರದಲ್ಲಿ ನಿಲ್ಲು ಅಂದ್ರು, ನಿಂತೆ. ಒಂದು ಫೋಟೋನೂ ನನಗೆ ಕೊಡ್ಲಿಲ್ಲ." ಅದನ್ನು ದೂರಿನಂತೆ ಹೇಳಲಿಲ್ಲ. ಅಕ್ಕಿಯಲ್ಲಿ ಕಲ್ಲು ಜಾಸ್ತಿ ಎಂದು ಹೇಳುವ ಹಾಗೆ ಹೇಳಿದರು. ಆಮೇಲೆ ಕೇಳಿದರು, "ಮಹೇಶ್ವರಪ್ಪ ಏನೋ ಫಿಲಂ ಮಾಡಿಸ್ತಾ ಇದಾರಂತೆ, ನೀನೇ ಮಾಡ್ತಿರೋದು ಅಂತ ನಿಮ್ಮಮ್ಮ ಹೇಳಿದ್ಳು. ನಾನು ಇದ್ದೀನಾ ಅದ್ರಲ್ಲಿ?"

"ಇದ್ದೀರಿ ಅಮ್ಮ" ಎಂದೆ.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಹನ್ನೆರಡು ಸಲ ಆಕೆಯನ್ನು ಹೊರಗಿಟ್ಟದ್ದು ಮಹೇಶ್ವರಪ್ಪ ಅಲ್ಲ. ಮಾತು ಅವರದ್ದು, ಕೈ ನನ್ನದು.

ಸೋಮವಾರ ಬೆಳಿಗ್ಗೆ ರಾಯರಿಗೆ ಎಲ್ಲವನ್ನೂ ಹೇಳಿದೆ. ಎಲ್ಲ ಗುರುತುಗಳನ್ನೂ ಬದಲಾಯಿಸುತ್ತೇನೆ, ಪ್ರತಿ ಫೋಟೋವನ್ನೂ ಬಲ ಅಂಚಿನಿಂದಲೇ ಶುರು ಮಾಡುತ್ತೇನೆ, ಮಹೇಶ್ವರಪ್ಪನವರಿಗೆ ಸಮಾರಂಭದ ದಿನವೇ ಗೊತ್ತಾಗಲಿ ಎಂದೆ. ರಾಯರು ಭೂತಗನ್ನಡಿಯನ್ನು ಕೆಳಗಿಟ್ಟರು.

"ಹಾಗೆ ಕದ್ದು ಮಾಡೋದಿದ್ರೆ ನನ್ನ ಅಂಗಡೀಲಿ ಬೇಡ" ಎಂದರು. "ಅವರನ್ನ ಕರೆಸು. ಎದುರಿಗೆ ಹೇಳು. ಹೇಳೋ ಧೈರ್ಯ ಇಲ್ಲ ಅಂದ್ರೆ ಮಾಡೋ ಧೈರ್ಯಾನೂ ಬೇಡ."

ಫೋನ್ ಮಾಡಿದೆ. ಮಧ್ಯಾಹ್ನ ಮಹೇಶ್ವರಪ್ಪನವರು ಬಂದರು. ಅಂಚಿನಿಂದ ಶುರುವಾಗುವ ಒಂದು ಫೋಟೋ ಮಾಡಿಟ್ಟಿದ್ದೆ, ಅದನ್ನು ಹಾಕಿ ತೋರಿಸಿದೆ. ಮೊದಲು ಕಣ್ಣಮ್ಮನವರ ಮುಖ, ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ ಕುರ್ಚಿಯ ತನಕ.

ಅವರ ಮುಖ ಕಪ್ಪಾಯಿತು. "ಏನಮ್ಮ ಇದು? ನಾನು ಒಪ್ಪಿದ್ದು ಇದಲ್ಲ."

"ಗೊತ್ತು ಸಾರ್. ಇವರ ಹೆಸರು ಕಣ್ಣಮ್ಮ. ಹದಿನೆಂಟು ವರ್ಷ ನಿಮ್ಮ ತಂದೆ ಎದುರು ರಾಣಿ ಪಾರ್ಟು ಮಾಡಿದ್ದಾರೆ. ಇವರನ್ನ ಬಿಟ್ಟು ನಾನು ಈ ಫಿಲಂ ಮಾಡಲ್ಲ."

"ನೀನ್ಯಾರು ಮಾಡಲ್ಲ ಅನ್ನೋಕೆ? ಹೇಳಿದ್ದು ಮಾಡೋಕೆ ಕೂತಿರೋಳು ನೀನು."

"ಹೌದು ಸಾರ್, ಇಷ್ಟು ವರ್ಷ ಹೇಳಿದ್ದೇ ಮಾಡಿದ್ದು. ಇದೊಂದು ಆಗಲ್ಲ."

ಅವರ ಧ್ವನಿ ಇದ್ದಕ್ಕಿದ್ದಂತೆ ತಗ್ಗಿತು. "ನಿನಗೆ ಗೊತ್ತಿಲ್ಲಮ್ಮ. ಊರೆಲ್ಲ ಏನೇನೋ ಮಾತಾಡ್ತಿತ್ತು. ಆ ಹೆಂಗಸಿನ ಹೆಸರು ಕೇಳಿದ ದಿನ ನಮ್ಮಮ್ಮ ಊಟ ಬಿಡ್ತಿದ್ರು. ಅದನ್ನ ನೋಡಿ ಬೆಳೆದವನು ನಾನು."

ಆ ಮಾತಿಗೆ ನಾನು ತಯಾರಿರಲಿಲ್ಲ. ಒಂದು ನಿಮಿಷ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆದರೆ ಜಗುಲಿಯ ಮೇಲೆ ನೆಟ್ಟಗೆ ಕೂತ ಆ ಬೆನ್ನು ಕಣ್ಣಿಗೆ ಕಟ್ಟಿತ್ತು.

"ನಿಮ್ಮಮ್ಮನ ಸಂಕಟದ ಬಗ್ಗೆ ನಾನೇನೂ ಹೇಳಲ್ಲ ಸಾರ್" ಎಂದೆ. "ಆದ್ರೆ ಮಾತಾಡಿದ್ದು ಊರು. ಈಕೆ ಮಾಡಿದ್ದು ನಾಟಕ. ಆ ಊರಿನ ಬಾಯಿಗೆ ಈಕೆ ಯಾಕೆ ಇಲ್ಲವಾಗ್ಬೇಕು?"

ಅವರು ರಾಯರ ಕಡೆ ತಿರುಗಿದರು. "ರಾಯರೇ, ನೀವೇನಂತೀರಿ? ಈ ವರ್ಷದ ಮದುವೆಗಳೆಲ್ಲ ನಿಮಗೇ ಅಂತ ಬರೆದಿಟ್ಟಿದ್ದೀನಿ. ಯೋಚನೆ ಮಾಡಿ."

ರಾಯರು ಕಪಾಟು ತೆಗೆದರು. ಫೋಟೋಗಳ ಲಕೋಟೆಯನ್ನು ಹೊರತೆಗೆದು, ಮೇಜಿನ ಮೇಲೆ ಇಟ್ಟು, ಎರಡೂ ಕೈಯಿಂದ ಅವರ ಕಡೆ ಸರಿಸಿದರು.

"ಹನ್ನೆರಡಿದೆ ಮಹೇಶ್ವರಪ್ಪನವರೇ. ನೋಡ್ಕೊಂಡು ತಗೊಳ್ಳಿ."

ಅವರು ಲಕೋಟೆ ತೆಗೆದುಕೊಂಡು ಹೋದರು. ರಾಯರು ಕಪಾಟು ಮುಚ್ಚಿ ನನ್ನ ಕಡೆ ತಿರುಗಿದರು. "ಒಂದೇ ಮಧ್ಯಾಹ್ನದಲ್ಲಿ ಒಂದು ಮಂಟಪ ಕಳೆದೆಯಲ್ಲ ಮಾರಾಯ್ತಿ."

"ಬೈಯ್ರಿ ಸಾರ್."

"ಬೈತಾ ಇದ್ದೀನಲ್ಲ." ಕನ್ನಡಕ ಸರಿಮಾಡಿಕೊಂಡರು. "ಅವರ ಫೋಟೋ ಅವರಿಗೆ ಹೋಯ್ತು. ನಿನ್ನ ಮೊಬೈಲಲ್ಲಿರೋದನ್ನೂ ಅಳಿಸಿಬಿಡು, ನಮಗೆ ಬೇಡ. ಆ ಊರಲ್ಲಿ ಇನ್ಯಾರ ಮನೇಲೂ ಆ ತಾಯಿ ಫೋಟೋ ಇರಲ್ವಾ? ಹುಡುಕು."

ಆ ಸಮಾರಂಭದ ಫಿಲಂ ಬೇರೆ ಅಂಗಡಿಯಲ್ಲಿ ಆಯಿತು. ಚೆನ್ನಾಗಿತ್ತಂತೆ. ಅಂಚಿನಲ್ಲಿ ಯಾರಿದ್ದರು ಎಂದು ಒಬ್ಬರೂ ಕೇಳಲಿಲ್ಲವಂತೆ. ನಮಗೆ ಮಂಟಪದ ಕೆಲಸ ನಿಂತಿತು. ಎರಡು ವರ್ಷ ನಾವು ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್ ಮಾಡಿಕೊಂಡು ದಿನ ತಳ್ಳಿದೆವು. ಇದನ್ನು ಮುಚ್ಚಿಡುವುದಿಲ್ಲ. ಎದುರು ನಿಂತರೆ ಕೊನೆಗೆ ಎಲ್ಲ ಒಳ್ಳೆಯದಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ನಷ್ಟವಾಗುತ್ತದೆ. ನಷ್ಟವಾಗುತ್ತದೆಂದು ತಿಳಿದೇ ನಿಲ್ಲಬೇಕು. ಆ ಮಧ್ಯಾಹ್ನ ಮತ್ತೆ ಬಂದರೆ ನಾನು ಅದೇ ಮಾತು ಹೇಳುತ್ತೇನೆ, ಇನ್ನೂ ಸ್ವಲ್ಪ ಜೋರಾಗಿ.

ಫೋಟೋ ಹುಡುಕಲು ಅಮ್ಮ ಜೊತೆಗೆ ಬಂದಳು. ಮೂರು ಭಾನುವಾರ ಮನೆಮನೆ ತಿರುಗಿದೆವು. ಟ್ರಂಕಿನ ತಳದಲ್ಲಿ, ದೇವರ ಪಟದ ಹಿಂದೆ, ಹಳೆಯ ಕ್ಯಾಲೆಂಡರಿನ ಮಡಿಕೆಯಲ್ಲಿ, ಹೀಗೆ ಒಂಬತ್ತು ಸಿಕ್ಕವು. ಎಂಟರಲ್ಲಿ ಆಕೆ ಅದೇ ಅಂಚಿನಲ್ಲಿ. ಒಂಬತ್ತನೆಯದನ್ನು ಒಬ್ಬ ನಿವೃತ್ತ ಕ್ರೇನ್ ಆಪರೇಟರ್ ತಾವೇ ತೆಗೆದಿದ್ದರು, ವೇದಿಕೆಯ ಕೆಳಗಿನಿಂದ, ನಾಟಕ ನಡೆಯುತ್ತಿರುವಾಗಲೇ. ಅದರಲ್ಲಿ ಕಣ್ಣಮ್ಮ ನಟ್ಟನಡುವೆ, ಕೈ ಎತ್ತಿ ನಿಂತಿದ್ದರು. ರಾಜ ಒಂದು ಪಕ್ಕದಲ್ಲಿದ್ದ. "ಸೆಂಟರಲ್ಲಿ ಅವ್ರೇ ಇದ್ರಲ್ಲಮ್ಮ, ನಾನೇನ್ ಮಾಡ್ಲಿ" ಎಂದರು ಅವರು, ಏನೋ ತಪ್ಪು ಮಾಡಿದವರ ಹಾಗೆ.

ಒಂಬತ್ತು ಫೋಟೋಗೆ ನಾನು ಒಂದು ತಿಂಗಳು ತೆಗೆದುಕೊಂಡೆ. ಎಂಟರಲ್ಲೂ ಬಲ ಅಂಚಿನಲ್ಲಿ, ಆಕೆಯ ಮುಖದ ಮೇಲೆ ಮೊದಲ ಗುರುತು. ಅಲ್ಲಿ ನಾಲ್ಕು ಸೆಕೆಂಡ್ ನಿಂತು, ಅಲ್ಲಿಂದ ಗಂಡಸರ ಸಾಲನ್ನು ನಿಧಾನವಾಗಿ ದಾಟಿ, ಕೊನೆಗೆ ಹಿಂದೆ ಸರಿದು ಎಲ್ಲರೂ ಒಟ್ಟಿಗೆ ಕಾಣುವಂತೆ ಮಾಡಿದೆ. ಒಂಬತ್ತನೆಯದನ್ನು ಅಲುಗಾಡಿಸಲಿಲ್ಲ. ಮೊದಲಿಗೆ ದೊಡ್ಡ ಅಕ್ಷರದಲ್ಲಿ ಅವರ ಹೆಸರು ಹಾಕಿದೆ.

ಒಂದು ಭಾನುವಾರ ಬೆಳಿಗ್ಗೆ ಎದುರು ಮನೆಯವರ ಟಿವಿಯನ್ನು ಕಣ್ಣಮ್ಮನವರ ಜಗುಲಿಗೆ ತಂದಿಟ್ಟೆವು. ಇಪ್ಪತ್ತು ಜನ ಸೇರಿರಬೇಕು. ರಾಯರೂ ಬಸ್ಸಿನಲ್ಲಿ ಬಂದು, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹೆಸರು ಬಂದಾಗ ಕಣ್ಣಮ್ಮ, "ಏನು ಬರ್ದಿದೆ?" ಎಂದು ಕೇಳಿದರು. "ಕಣ್ಣಮ್ಮ ಅಂತ ಬರ್ದಿದೆ ಕಣೇ" ಎಂದಳು ಅಮ್ಮ. "ಬರೀ ಕಣ್ಣಮ್ಮನಾ?" "ನಟಿ ಕಣ್ಣಮ್ಮ ಅಂತ." ಅವರು ಸೆರಗನ್ನು ಹೆಗಲ ತುಂಬ ಹೊದ್ದುಕೊಂಡರು.

ಅಳುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ. ತಮ್ಮ ಮುಖವನ್ನು ನಾಲ್ಕು ಸೆಕೆಂಡ್ ಗಂಭೀರವಾಗಿ ನೋಡಿದರು. ಚಿತ್ರ ಎಡಕ್ಕೆ ಸರಿಯತೊಡಗಿದ್ದೇ ತಡ, ಬಾಯಿ ಬಿಟ್ಟರು.

"ಇವ್ನು ಸೇನಾಪತಿ. ಕತ್ತಿ ಮರ್ತು ಬರ್ತಿದ್ದ, ಪ್ರತಿ ಸಲ. ಇವ್ನು ಮಂತ್ರಿ, ಮಾತು ಮರೀತಿದ್ದ, ನಾನೇ ಮೆಲ್ಲಗೆ ಹೇಳ್ಕೊಡ್ತಿದ್ದೆ. ಇವ್ನ ಮೀಸೆ ಒಂದ್ಸಲ ನನ್ ಕೈಗೇ ಬಂತು."

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರಾಯರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಚಿತ್ರ ಕುರ್ಚಿಯ ಹತ್ತಿರ ಬಂತು. ರಾಜನ ವೇಷದಲ್ಲಿ ಮಹೇಶ್ವರಪ್ಪನವರ ತಂದೆ. ಈಗ ಏನು ಹೇಳುತ್ತಾರೋ ಎಂದು ಎಲ್ಲರೂ ಕಾದರು.

ಕಣ್ಣಮ್ಮ ಸ್ವಲ್ಪ ಮುಂದಕ್ಕೆ ಬಾಗಿ ನೋಡಿದರು. "ಇವ್ರು ಒಳ್ಳೇ ನಟ" ಎಂದರು. "ಇವ್ರ ಮುಂದೆ ನಿಂತು ಮಾತಾಡೋದು ಸುಲಭ ಅಲ್ಲ. ಅದನ್ನ ಹೇಳ್ಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ಇವ್ರ ಹತ್ರ ಯಾಕೆ ಇಷ್ಟು ಬೇಗ ಹೋಗ್ಬಿಟ್ಟೆ ಕಣ್ಣು? ಸ್ವಲ್ಪ ನಿಲ್ಲು."

ಮರುದಿನ ಸ್ಟುಡಿಯೋಗೆ ಹೋಗಿ, ಎಂಟು ಫೋಟೋಗಳಲ್ಲೂ ರಾಜನ ಮುಖದ ಮೇಲೆ ಎರಡೆರಡು ಸೆಕೆಂಡ್ ಹೆಚ್ಚಿಸಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಎದುರಾಡದೆ, ಕಾರಣ ಕೇಳದೆ, ಮನಸಾರೆ ಒಪ್ಪಿ ಮಾಡಿದ ತಿದ್ದುಪಡಿ ಅದೊಂದೇ.